ನೇರಳೆ ಪೊರೆಯ ಚಾಕರಿ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನೀವು ಯಾವ ವಸ್ತುವಿನ ಜೊತೆ ಕೆಲಸ ಮಾಡುತ್ತೀರೋ ಅದು ನಿಮ್ಮ ಹಿಂದೆಯೇ ಮನೆಗೆ ಬರುತ್ತದೆ. ನನ್ನ ಹಿಂದೆ ಬಂದದ್ದು ಉಪ್ಪು. ಸೀರೆಯ ಅಂಚಿನಲ್ಲಿ, ಕೈಗಡಿಯಾರದ ಪಟ್ಟಿಯಲ್ಲಿ, ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆಳ್ಳಗೆ ಕೂತಿರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ನಮ್ಮತ್ತೆ, "ಆಫೀಸಿಂದು ಆಫೀಸಲ್ಲೇ ಬಿಟ್ಟು ಬಾರಮ್ಮ" ಅನ್ನುತ್ತಿದ್ದರು.

ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ನಾನು ವಿಜ್ಞಾನಕ್ಕೆ ಸೇವೆ ಸಲ್ಲಿಸಿದೆ ಎಂದು ಹೊಗಳಿದರು. ನಾನು ಸಲ್ಲಿಸಿದ್ದು ಬಹುಪಾಲು ಸೀಸೆ ತೊಳೆಯುವ ಸೇವೆ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿಡುವ ಹೊತ್ತಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಾನು ಸುಜಾತ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವಳು. ನಮ್ಮದು ಬೌದ್ಧರ ಮನೆ. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರನ್ನು ಅಪ್ಪ ಆಸೆಪಟ್ಟು ನನಗಿಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಪಾಯಸವಲ್ಲ, ಉಪ್ಪುನೀರು. ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿದ್ದ ಒಂದು ಸಂಶೋಧನಾ ಕೇಂದ್ರಕ್ಕೆ ತಾಂತ್ರಿಕ ಸಹಾಯಕಿಯಾಗಿ ಸೇರಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಬಿಳಿ ಕೋಟು ಹಾಕಿಕೊಂಡು ಕೂರುತ್ತೇನೆ ಎಂದುಕೊಂಡು ಹೋದವಳಿಗೆ ಮೊದಲ ದಿನವೇ ಒಂದು ಬ್ರಷ್ ಕೊಟ್ಟರು.

ನಮ್ಮ ಲ್ಯಾಬಿನಲ್ಲಿ ಸಾಕುತ್ತಿದ್ದುದು ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳನ್ನು. ಉಪ್ಪಿನಕಾಯಿಯ ಜಾಡಿಯಲ್ಲಿ ಬೇರೆ ಜೀವಿಗಳು ಸಾಯುತ್ತವಲ್ಲ, ಇವು ಅದಕ್ಕಿಂತ ಹೆಚ್ಚು ಉಪ್ಪಿನಲ್ಲಿ ಹಾಯಾಗಿರುತ್ತವೆ. ಸಿಹಿನೀರು ಕಂಡರೆ ಒಡೆದುಹೋಗುತ್ತವೆ. ಇವುಗಳ ಮೈಯನ್ನು ಸುತ್ತಿರುವುದು ಎಣ್ಣೆಯಂಥ ಒಂದು ತೆಳು ಪೊರೆ. ಅದರೊಳಗೆ ಪ್ರೋಟೀನುಗಳು ತೇಲುತ್ತಿರುತ್ತವೆ. ತೇಲುವ ವಸ್ತು ಎತ್ತ ಬೇಕಾದರೂ ಹೋಗಬಹುದಲ್ಲವೇ? ಆದರೆ ಕೆಲವು ಜೀವಿಗಳಲ್ಲಿ ಒಂದು ಜಾತಿಯ ಪ್ರೋಟೀನು ಹಾಗೆ ಅಲೆಯುವುದಿಲ್ಲ. ಮೂರು ಮೂರಾಗಿ ಗುಂಪು ಕಟ್ಟಿ, ಗುಂಪಿನ ಪಕ್ಕ ಗುಂಪು ನಿಂತು, ಜೇನುಗೂಡಿನ ಹಾಗೆ ಆರು ಮೂಲೆಯ ವಿನ್ಯಾಸವಾಗುತ್ತದೆ. ಅಂಥ ಪೊರೆಯ ತುಂಡಿಗೆ ನೇರಳೆ ಹಣ್ಣಿನ ಬಣ್ಣ. ಬಿಸಿಲಿನ ಬೆಳಕನ್ನು ಹಿಡಿದು ಜೀವಿಗೆ ಶಕ್ತಿ ಒದಗಿಸುವುದು ಇದೇ ಪ್ರೋಟೀನು. ಇವು ಯಾಕೆ ಸಾಲಾಗಿ ನಿಲ್ಲುತ್ತವೆ, ಯಾವಾಗ ನಿಲ್ಲುತ್ತವೆ ಎಂದು ನೋಡುವುದೇ ನಮ್ಮ ಕೆಲಸವಾಗಿತ್ತು. ನಾನು ದಿನವೂ ಟಿನ್ ಫ್ಯಾಕ್ಟರಿ ನಿಲ್ದಾಣದ ನೂಕುನುಗ್ಗಲಿನಲ್ಲಿ ಬಸ್ಸು ಬದಲಾಯಿಸುತ್ತಿದ್ದವಳು. ಯಾರೂ ಹೇಳದೆ ಸಾಲಾಗಿ ನಿಲ್ಲುವ ಯಾವುದನ್ನೇ ಆದರೂ ನೋಡಲು ನನಗೆ ಕುತೂಹಲವಿತ್ತು.

ನಮ್ಮ ಮೇಲಧಿಕಾರಿ ಡಾಕ್ಟರ್ ಸೆಲ್ವರಾಜ್. ಹಲಸೂರಿನಲ್ಲೇ ಹುಟ್ಟಿ ಬೆಳೆದ ದಂಡಿನ ಪ್ರದೇಶದ ಮನುಷ್ಯ. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಅವರು ಬೈಯುವುದು ತಮಿಳಿನಲ್ಲಿ, ಹೊಗಳುವುದು ಇಂಗ್ಲಿಷಿನಲ್ಲಿ, ಕಾಫಿ ಕೇಳುವುದು ಕನ್ನಡದಲ್ಲಿ. ಹೀಗಾಗಿ ಬಾಗಿಲಾಚೆ ನಿಂತವರಿಗೂ ಒಳಗಿನ ಹವಾಮಾನ ಗೊತ್ತಾಗುತ್ತಿತ್ತು. ಹೊಗಳಿಕೆ ಅಪರೂಪವಾಗಿದ್ದರಿಂದ ನಮ್ಮ ಇಂಗ್ಲಿಷು ಸುಧಾರಿಸಲಿಲ್ಲ; ತಮಿಳು ಮಾತ್ರ ಎಲ್ಲರಿಗೂ ಚೆನ್ನಾಗಿ ಬಂತು.

ಉಪ್ಪು ತರುವ ಜವಾಬ್ದಾರಿ ನನ್ನದು. ಪ್ರಯೋಗಕ್ಕೆ ಬೇಕಾದ ಶುದ್ಧ ಉಪ್ಪು ಸೀಸೆಯಲ್ಲಿ ಬರುತ್ತಿತ್ತು. ಆದರೆ ದೊಡ್ಡ ಪ್ರಮಾಣದಲ್ಲಿ ಜೀವಿಗಳನ್ನು ಬೆಳೆಸುವಾಗ ಅದು ಎಲ್ಲಿಗೂ ಸಾಲುತ್ತಿರಲಿಲ್ಲ. ನಾನು ಶಿವಾಜಿನಗರದ ಮಾರುಕಟ್ಟೆಗೆ ಹೋಗಿ ಕಲ್ಲುಪ್ಪಿನ ಮೂಟೆ ತರುತ್ತಿದ್ದೆ. ಅಂಗಡಿಯ ಮುದುಕ ಸಾಹೇಬರು ಕೆಲವು ಸಲ ಸುಮ್ಮನೆ ಕೊಟ್ಟು, ಕೊನೆಗೊಮ್ಮೆ ತಡೆಯಲಾರದೆ, ಉಪ್ಪಿನಕಾಯಿ ವ್ಯಾಪಾರವೋ ಒಣಮೀನಿನ ವ್ಯಾಪಾರವೋ ಎಂದು ಕೇಳಿದರು. ಇಲ್ಲ, ಉಪ್ಪಿನಲ್ಲಿ ಬದುಕುವ ಹುಳುಗಳನ್ನು ಸಾಕುತ್ತೇವೆ ಎಂದೆ. ಅವರು ಮೂಟೆಯನ್ನು ಮತ್ತೆ ಒಳಗಿಟ್ಟರು. ತಮ್ಮ ಉಪ್ಪಿನಲ್ಲಿ ಹುಳುವಿದೆ ಎಂದು ಗಿರಾಕಿಗಳ ಮುಂದೆ ಹೇಳಬಾರದು ಎಂದು ನನಗೆ ಬುದ್ಧಿ ಹೇಳಿದರು. ಅಂದಿನಿಂದ ಒಣಮೀನಿನ ವ್ಯಾಪಾರ ಎಂದೇ ಹೇಳುತ್ತಿದ್ದೆ. ವಿಜ್ಞಾನವನ್ನು ಜನಕ್ಕೆ ತಲುಪಿಸುವುದರಲ್ಲಿ ನನ್ನ ಕೊಡುಗೆ ಇಷ್ಟೇ.

ಇಮ್ರಾನ್ ನಮ್ಮಲ್ಲಿಗೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದದ್ದು ಇದೇ ಕಾಲದಲ್ಲಿ. ಶಿವಾಜಿನಗರದ ಹುಡುಗ. ಅವನ ಮನೆಯಲ್ಲಿ ಎಲ್ಲರೂ ಮೋಟಾರು ಬಿಡಿಭಾಗಗಳ ಅಂಗಡಿಯವರು. ಓದಿನಲ್ಲಿ ಮುಂದಿದ್ದವನು ಇವನೊಬ್ಬನೇ. ಸೇರಿದ ವಾರವೇ ಒಂದು ಘನಕಾರ್ಯ ಮಾಡಿದ. ಜೀವಿಗಳು ಬೆಳೆಯುತ್ತಿದ್ದ ಗಾಜಿನ ಕುಪ್ಪಿಗಳಲ್ಲಿ ನೀರು ಆರಿ, ಅಂಚಿಗೆ ಉಪ್ಪು ಕಟ್ಟಿತ್ತು. ಪಾಪ, ಬಾಯಾರಿರಬೇಕು ಎಂದುಕೊಂಡು ಎಲ್ಲಕ್ಕೂ ಶುದ್ಧ ನೀರನ್ನು ಧಾರಾಳವಾಗಿ ಸುರಿದ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಜೀವಿಗಳೆಲ್ಲ ಒಡೆದು, ಕುಪ್ಪಿಗಳಲ್ಲಿ ಲೋಳೆಯಂಥ ಗುಲಾಬಿ ಸಾರು ನಿಂತಿತ್ತು.

ಸೆಲ್ವರಾಜ್ ಒಂದು ಕುಪ್ಪಿಯನ್ನು ಬೆಳಕಿಗೆ ಹಿಡಿದರು. ನಾನು ತಮಿಳಿಗೆ ಕಾಯುತ್ತಿದ್ದೆ. ಅವರು ಕನ್ನಡದಲ್ಲೇ, "ಏನಪ್ಪಾ, ಇವು ನಿಮ್ಮ ಮನೆ ಕೋಳಿಗಳಾ, ನೀರಿಡೋಕೆ?" ಎಂದರು. ಇಮ್ರಾನ್ ನೆಲ ನೋಡುತ್ತಿದ್ದ. ಆಮೇಲೆ ಅವರೇ ಹೇಳಿದರು, ಪೊರೆಯನ್ನು ಬೇರ್ಪಡಿಸಲು ನಾವು ಹೇಗೂ ಕೊನೆಗೆ ಸಿಹಿನೀರು ಹಾಕಿಯೇ ಜೀವಿಗಳನ್ನು ಒಡೆಯುತ್ತೇವೆ, ಈ ಹುಡುಗ ಮುಂದಿನ ವಾರದ ಕೆಲಸವನ್ನು ಈ ವಾರವೇ ಮಾಡಿದ್ದಾನೆ, ಅಷ್ಟೇ. ಇಮ್ರಾನ್ ಅದನ್ನು ಮೆಚ್ಚುಗೆ ಎಂದುಕೊಂಡು ಮುಗುಳ್ನಕ್ಕ. ಆಗ ತಮಿಳು ಶುರುವಾಯಿತು.

ಇನ್ನು ನಮ್ಮ ಮಹಾನ್ ಆವಿಷ್ಕಾರದ ಸಂಗತಿ.

ಸೆಲ್ವರಾಜ್ ಸಾರು ಒಮ್ಮೆ ಹೆಂಡತಿಯ ಕಡೆಯವರ ಮದುವೆಗೆಂದು ಸಮುದ್ರತೀರದ ಊರಿಗೆ ಹೋದರು. ಅಲ್ಲಿನ ಉಪ್ಪಿನ ಗದ್ದೆಯಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು, ಮದುವೆಯ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಇಳಿದು, ಕಾಫಿಯ ಫ್ಲಾಸ್ಕಿನಲ್ಲಿ ತುಂಬಿಕೊಂಡರು. ವಾಪಸು ಬರುವಾಗ ರೈಲಿನಲ್ಲಿ ಅವರ ಮಾವ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ತುಟಿಯವರೆಗೆ ತಂದಿದ್ದರಂತೆ. ಆ ಮನೆಯಲ್ಲಿ ಮುಂದೆ ಬಹಳ ದಿನ ಇವರಿಗೆ ಕಾಫಿ ಸಿಗಲಿಲ್ಲ. ನಮಗೆ ಮಾತ್ರ ಆ ನೀರಿನಿಂದ ಯಾರೂ ವರ್ಣಿಸದ ಒಂದು ಹೊಸ ಜೀವಿ ಸಿಕ್ಕಿತು. ಇಮ್ರಾನನ ಪಿಎಚ್.ಡಿ. ವಿಷಯ ಅದೇ ಎಂದು ನಿಶ್ಚಯವಾಯಿತು. ಇದರ ಪೊರೆಯಲ್ಲಿ ಪ್ರೋಟೀನುಗಳು ಸಾಲಾಗಿ ನಿಲ್ಲುತ್ತವೆಯೇ? ನಿಂತರೆ ಯಾವ ವಿನ್ಯಾಸದಲ್ಲಿ?

ನೋಡುವ ವಿಧಾನ ಹೀಗಿತ್ತು. ಹಣೆಯ ಬೊಟ್ಟಿಗಿಂತ ಚಿಕ್ಕದಾದ ತಾಮ್ರದ ಜಾಲರಿಯ ಮೇಲೆ ಪೊರೆಯ ತುಂಡುಗಳನ್ನು ಸಕ್ಕರೆ ನೀರಿನ ಜೊತೆ ಒಣಗಿಸಿ ಸೂಕ್ಷ್ಮದರ್ಶಕದೊಳಗೆ ಇಡಬೇಕು. ಎಲೆಕ್ಟ್ರಾನ್ ಕಿರಣ ಅದರ ಮೂಲಕ ಹಾದಾಗ, ಪ್ರೋಟೀನುಗಳು ಸಾಲಾಗಿ ನಿಂತಿದ್ದರೆ, ಕೆಳಗಿನ ಫಿಲ್ಮಿನ ಮೇಲೆ ಕ್ರಮವಾದ ಚುಕ್ಕಿಗಳು ಮೂಡುತ್ತವೆ. ಅಡ್ಡಾದಿಡ್ಡಿ ನಿಂತಿದ್ದರೆ ಬರೀ ಮಂಜು.

ಆ ದಿನ ಯಂತ್ರದ ಮುಂದೆ ಸಾರೇ ಕೂತಿದ್ದರು. ಜಾಲರಿಯನ್ನು ಹಾಕಿದವರೂ ಅವರೇ. ಫಿಲ್ಮು ತೊಳೆದಾಗ ಚುಕ್ಕಿಗಳು ಬಂದವು. ಅದೂ ಆರು ಮೂಲೆಯದಲ್ಲ, ಅಚ್ಚುಕಟ್ಟಾದ ಆಯತಾಕಾರ. ಅಂಥ ವಿನ್ಯಾಸವನ್ನು ಈ ಬಗೆಯ ಪೊರೆಯಲ್ಲಿ ಯಾರೂ ಕಂಡಿರಲಿಲ್ಲ. ಸಾರು ಇಂಗ್ಲಿಷಿನಲ್ಲಿ ಮಾತಾಡತೊಡಗಿದರು, ನಮಗೆ ಗಾಬರಿಯಾಯಿತು. ಫಿಲ್ಮು ಒಣಗುವ ಮೊದಲೇ ನಿರ್ದೇಶಕರಿಗೆ ಸುದ್ದಿ ಹೋಯಿತು. ಹಲಸೂರಿನ ಬೇಕರಿಯಿಂದ ಮೈಸೂರು ಪಾಕು ಬಂತು. ಶುಕ್ರವಾರ ಇಡೀ ಕೇಂದ್ರದ ಮುಂದೆ ಉಪನ್ಯಾಸ ಎಂದು ಫಲಕದ ಮೇಲೆ ಬರೆದಾಯಿತು. ಇಮ್ರಾನ್ ತಾಯಿಗೆ ಫೋನು ಮಾಡಿದ. ಅವರು ಆಗಲೇ ಹೆಣ್ಣು ನೋಡಲು ಶುರುಮಾಡಿದರು.

ಗುರುವಾರ ಮಧ್ಯಾಹ್ನ ಸಾರು ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಫಿಲ್ಮು, ಅಳತೆಪಟ್ಟಿ, ಅರ್ಧ ತಿಂದ ಮೈಸೂರು ಪಾಕು. ಚುಕ್ಕಿಗಳ ನಡುವಿನ ದೂರವನ್ನು ಉಪನ್ಯಾಸಕ್ಕೆಂದು ಅಳೆದಿದ್ದರು. ಬಂದ ಉತ್ತರ ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿ ಕಪಾಟು ತೆಗೆದಿದ್ದರು. ಯಂತ್ರ ಎಷ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಪರೀಕ್ಷಿಸಲು ನಾವು ಒಂದು ಸಿದ್ಧ ಮಾದರಿಯನ್ನು ಇಟ್ಟುಕೊಂಡಿದ್ದೆವು. ದನದ ಯಕೃತ್ತಿನಿಂದ, ಅಂದರೆ ಲಿವರಿನಿಂದ, ತೆಗೆದ ಒಂದು ಪ್ರೋಟೀನಿನ ಹರಳು, ಎಲ್ಲ ಲ್ಯಾಬುಗಳೂ ಅಂಗಡಿಯಿಂದ ಕೊಳ್ಳುವಂಥದ್ದು. ನಮ್ಮ ಅಳತೆಗೋಲು ಅದು. ಸಾರು ಜಾಲರಿಯ ಪೆಟ್ಟಿಗೆಯಲ್ಲಿ ಪಕ್ಕದ ಗುಳಿಗೆ ಕೈ ಹಾಕಿ, ಅದನ್ನೇ ಯಂತ್ರದೊಳಗೆ ಇಟ್ಟಿದ್ದರು. ಉಪ್ಪಿನ ಗದ್ದೆಯ ಜೀವಿ ಇನ್ನೂ ಪೆಟ್ಟಿಗೆಯಲ್ಲೇ ಕೂತಿತ್ತು.

ಉಪನ್ಯಾಸ ರದ್ದಾಗುತ್ತದೆ, ಸಾರಿಗೆ ಜ್ವರ ಬಂದಿದೆ ಎಂದು ಹೇಳುವ ಕೆಲಸ ನನ್ನ ತಲೆಗೆ ಬರುತ್ತದೆ ಎಂದುಕೊಂಡೆ. ಅವರು ಶುಕ್ರವಾರ ಇನ್ನೂ ಗರಿಗರಿಯಾದ ಅಂಗಿ ಹಾಕಿಕೊಂಡು ಬಂದರು. ಸಭಾಂಗಣ ತುಂಬಿತ್ತು. ಮೊದಲ ಚಿತ್ರ ಹಾಕಿಸಿ, ಆ ಸುಂದರ ಚುಕ್ಕಿಗಳನ್ನು ಎಲ್ಲರಿಗೂ ಸಾವಕಾಶವಾಗಿ ತೋರಿಸಿದರು. ನಿರ್ದೇಶಕರು ತಲೆದೂಗಿದರು.

"ನಾನು ಕಂಡುಹಿಡಿದದ್ದು ಏನು ಅಂತ ಈಗ ಹೇಳ್ತೀನಿ," ಎಂದರು ಸಾರು. "ಲಿವರ್ ಫ್ರೈ."

ನಂತರ ಯಾವ ಗುಳಿ, ಯಾವ ಕೈ, ಯಾಕೆ ಮೊದಲೇ ಅಳೆಯಲಿಲ್ಲ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಇದರಲ್ಲಿ ವಿದ್ಯಾರ್ಥಿಯ ಪಾತ್ರವೇನೂ ಇಲ್ಲ ಎಂದು ಎರಡು ಸಲ ಹೇಳಿದರು. ಜನ ಮೊದಲು ನಗಲೋ ಬೇಡವೋ ಎಂದು ನೋಡಿ, ಆಮೇಲೆ ಬಿದ್ದುಬಿದ್ದು ನಕ್ಕರು. ಆ ಕೇಂದ್ರದಲ್ಲಿ ನಾನು ಕೇಳಿದ ಉಪನ್ಯಾಸಗಳಲ್ಲಿ ಕೊನೆಯವರೆಗೆ ಯಾರೂ ನಿದ್ದೆ ಮಾಡದೇ ಇದ್ದದ್ದು ಇದೊಂದರಲ್ಲೇ.

ನಗು ಮುಗಿದ ಮೇಲೆ ಇಮ್ರಾನನ ಪಾಡು ಉಳಿಯಿತು. ನಿಜವಾದ ಜಾಲರಿಯನ್ನು ನೋಡಿದರೆ ಬರೀ ಮಂಜು. ಮತ್ತೆ ಬೆಳೆಸಿದ, ಮತ್ತೆ ನೋಡಿದ. ಮಂಜು. ಋತುಗಳು ಉರುಳಿದವು. ಜೊತೆಗೆ ಸೇರಿದವರು ಪ್ರಬಂಧ ಬರೆಯತೊಡಗಿದರು, ಇವನ ಕೈಯಲ್ಲಿ ಬೂದುಬಣ್ಣದ ಫಿಲ್ಮಿನ ರಾಶಿ. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತಾ ಬಂತು. ಒಂದು ದಿನ ಕ್ಯಾಂಟೀನಿನಲ್ಲಿ ನನ್ನೆದುರು ಕೂತು, ಚಿಕ್ಕಪ್ಪನ ಅಂಗಡಿಗೆ ಹೋಗಿಬಿಡುತ್ತೇನೆ ಎಂದ.

"ಅಲ್ಲಿ ಕ್ಲಚ್ ಪ್ಲೇಟ್ ಕೇಳಿದ್ರೆ ಕ್ಲಚ್ ಪ್ಲೇಟ್ ಕೊಡ್ತೀವಿ ಅಕ್ಕಾ. ಇದೆಯೋ ಇಲ್ವೋ ಅಂತ ನಾಲ್ಕು ವರ್ಷ ಹುಡುಕಲ್ಲ."

ಹಬ್ಬ ಕಳೆಯಲಿ, ಆಮೇಲೆ ಸಾರಿಗೆ ಹೇಳು ಎಂದೆ.

ಹಬ್ಬಕ್ಕೆ ಸಾಲಾಗಿ ರಜೆ ಬಂತು. ನಾವ್ಯಾರೂ ಇಲ್ಲದಾಗ ಲ್ಯಾಬಿನಲ್ಲಿ ಫ್ಯೂಸು ಹೋಗಿ, ಗಾಳಿ ಬೆರೆಯಲೆಂದು ಕುಪ್ಪಿಗಳನ್ನು ಹಗಲಿರುಳು ಅಲುಗಾಡಿಸುವ ಯಂತ್ರ ನಿಂತುಹೋಗಿತ್ತು. ರಜೆ ಮುಗಿದು ಮೊದಲು ಬಾಗಿಲು ತೆಗೆದವಳು ನಮ್ಮ ಲ್ಯಾಬು ಗುಡಿಸುವ ಶರಣಮ್ಮ. ಕಲಬುರಗಿ ಕಡೆಯವಳು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ನಾನು ಒಳಗೆ ಕಾಲಿಡುತ್ತಿದ್ದಂತೆ, "ಅಕ್ಕಾರ, ನಿಮ್ಮ ಹುಳ ಎಲ್ಲಾ ಸತ್ತು ಬದನೀಕಾಯಿ ಆಗ್ಯಾವ ನೋಡ್ರಿ" ಎಂದಳು.

ಸತ್ತಿರಲಿಲ್ಲ. ಪರದೆ ಸರಿದುಹೋಗಿದ್ದ ಕಿಟಕಿಯ ಬಳಿ ಬಿಸಿಲಿಗೆ ಬಿದ್ದಿದ್ದ ಹೊಸ ಜೀವಿಯ ಕುಪ್ಪಿಗಳು ಗುಲಾಬಿ ಹೋಗಿ ನೇರಳೆಯಾಗಿದ್ದವು. ಸೆಲ್ವರಾಜ್ ಸಾರು ಬಂದು ನೋಡಿದವರೇ ಹಣೆ ಹಣೆ ಚಚ್ಚಿಕೊಂಡರು. ಹಳೆಯ ಜೀವಿಗಳಿಗೆ ನಾವು ಗಾಳಿ ಕಡಿಮೆ ಮಾಡಿ ಬೆಳಕು ಹೆಚ್ಚಿಸುತ್ತಿದ್ದೆವು. ಉಸಿರಾಟಕ್ಕೆ ಗಾಳಿ ಸಾಲದೆ ಹೋದಾಗ ಅವು ಬೆಳಕಿನಿಂದ ಬದುಕಲು ಆ ಪ್ರೋಟೀನನ್ನು ರಾಶಿ ರಾಶಿ ತಯಾರಿಸುತ್ತವೆ. ಈ ಹೊಸದು ಮಾತ್ರ ಮದುವೆ ಮನೆಯಿಂದ ಬಂದ ಸೂಕ್ಷ್ಮ ಅತಿಥಿ, ಕೈತಪ್ಪಿದರೆ ಮತ್ತೆ ಸಿಗದು ಎಂದು ಸಾರು ಅದನ್ನು ನೆರಳಿನಲ್ಲಿಟ್ಟು, ಗಾಳಿ ಧಾರಾಳವಾಗಿ ಕೊಟ್ಟು ಮುದ್ದಿನಿಂದ ಸಾಕಿಸಿದ್ದರು. ಸುಖವಾಗಿದ್ದಷ್ಟು ದಿನ ಅದು ನಾಲ್ಕಾರು ಪ್ರೋಟೀನು ಮಾಡಿಕೊಂಡು, ವಿಶಾಲವಾದ ಪೊರೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟಿತ್ತು. ಸಾಲಾಗಿ ನಿಲ್ಲಬೇಕಾದರೆ ಒಂದಕ್ಕೊಂದು ಮೈ ತಾಗುವಷ್ಟು ಇಕ್ಕಟ್ಟಾಗಬೇಕು. ಜಾಗವಿದ್ದಾಗ ಯಾರು ಸಾಲು ಹಿಡಿಯುತ್ತಾರೆ?

ಆದರೆ ಬಣ್ಣ ಬಂದ ಮಾತ್ರಕ್ಕೆ ಸಾಲಾಗಿವೆ ಎಂದು ಹೇಳುವಂತಿಲ್ಲ. ನೋಡಲೇಬೇಕು. ಅಲ್ಲೊಂದು ತೊಡಕು ಬಂತು. ಆಗ ನಮ್ಮ ರಸ್ತೆಯಲ್ಲಿ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದರು. ಆ ಯಂತ್ರ ನೆಲಕ್ಕೆ ಗುದ್ದಿದರೆ ನಮ್ಮ ಯಂತ್ರದೊಳಗಿನ ಚಿತ್ರ ನಡುಗುತ್ತಿತ್ತು. ಈಗಿನವರಿಗೆ ಇದು ಅರ್ಥವಾಗದು. ಈಗಿನ ಕ್ಯಾಮೆರಾಗಳು ಸಿನಿಮಾದ ಹಾಗೆ ಚಿತ್ರದ ಮೇಲೆ ಚಿತ್ರ ತೆಗೆದು, ನಡುಕವನ್ನು ಕಂಪ್ಯೂಟರೇ ಸರಿಪಡಿಸುತ್ತದೆ. ಮಂಜುಗಟ್ಟಿಸಿದ ಮಾದರಿ ಒಳಗಿಟ್ಟು ಹುಡುಗರು ಫೋನು ನೋಡುತ್ತಾ ಕೂರುತ್ತಾರೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಿದೆ. ನಮಗಿದ್ದದ್ದು ಫಿಲ್ಮು, ಅದು ನಡುಗಿದರೆ ನಡುಗಿದ್ದೇ.

ಹೀಗಾಗಿ ಊರೆಲ್ಲ ಶಪಿಸುವ ಬಂದ್ ನಮಗೆ ಹಬ್ಬವಾಯಿತು. ಬಸ್ಸಿಲ್ಲ, ಲಾರಿಯಿಲ್ಲ, ಮೆಟ್ರೋ ಕೆಲಸವಿಲ್ಲ. ಪತ್ರಿಕೆಯಲ್ಲಿ ಬಂದ್ ಕರೆ ಕಂಡ ಬೆಳಿಗ್ಗೆ ಸಾರು ಸಂತೋಷದಿಂದ ಕೈ ಉಜ್ಜಿಕೊಂಡರು. ಯಾವ ಕಾರಣಕ್ಕೆ ಬಂದ್ ಎಂದು ಅವರು ಕೇಳಲೂ ಇಲ್ಲ. ಪೂರ್ತಿ ಯಶಸ್ವಿಯಾಗಲಿ ಎಂದಷ್ಟೇ ಹಾರೈಸಿದರು.

ಬಂದ್ ದಿನ ನಾನು ಕಗ್ಗದಾಸಪುರದಿಂದ ನಡೆದೇ ಬಂದೆ. ಸಾರು ಹಲಸೂರಿನಿಂದ ಮಗಳ ಸೈಕಲ್ಲಿನಲ್ಲಿ ಬಂದರು. ಮುಂದೆ ಗುಲಾಬಿ ಬುಟ್ಟಿ ಇತ್ತು, ಅದರಲ್ಲಿ ಊಟದ ಡಬ್ಬಿ. ಇಮ್ರಾನನ ಸುಳಿವಿಲ್ಲ. ಕೆ.ಆರ್. ಪುರದಾಚೆಯ ಒಂದು ಕಾಲೇಜಿನಲ್ಲಿ ಒಳ್ಳೆಯ ಸೆಂಟ್ರಿಫ್ಯೂಜ್, ಅಂದರೆ ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಯಂತ್ರ, ಇತ್ತು. ಅದರಲ್ಲಿ ಪೊರೆಯನ್ನು ಕೊನೆಯ ಸಲ ತಿರುಗಿಸಿ ಶುದ್ಧಮಾಡಿ, ಐಸಿನ ಡಬ್ಬದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಬರಬೇಕಿತ್ತು. ನಾವು ಕಾದು ಕಾದು ಸೆಲ್ವರಾಜ್ ಸಾರು ತಂದ ಡಬ್ಬಿಯ ಚಿತ್ರಾನ್ನವನ್ನು ಮುಗಿಸಿಯೂ ಆಯಿತು.

ಕೊನೆಗೆ ಬಂದ. ಟಿನ್ ಫ್ಯಾಕ್ಟರಿಯಲ್ಲಿ ಟೈರು ಸುಡುತ್ತಿದ್ದ ಗುಂಪೊಂದು ಅವನನ್ನು ತಡೆದಿತ್ತಂತೆ. ಗಾಡಿ ಪಕ್ಕಕ್ಕೆ ಹಾಕು, ಚಕ್ರದ ಗಾಳಿ ತೆಗೀತೀವಿ ಎಂದರಂತೆ. ಇವನು ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದು ಸುಳ್ಳು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಒಬ್ಬ ಡಬ್ಬದ ಮುಚ್ಚಳಕ್ಕೆ ಕೈ ಹಾಕಿ, ಒಳಗೇನಿದೆ ಗುರು ಎಂದು ಕೇಳಿದ.

"ಏನಂದೆ?" ಎಂದರು ಸಾರು.

"ನಿಜಾನೇ ಹೇಳ್ಬಿಟ್ಟೆ ಸಾರ್. ಬ್ಯಾಕ್ಟೀರಿಯಾ ಅಂದೆ. ದಾರಿ ಬಿಟ್ರು. ಒಬ್ಬ ಹೋಗಿ ಕೈ ತೊಳ್ಕೊಂಡ."

ಜಾಲರಿಯನ್ನು ಸಿದ್ಧಪಡಿಸಿದೆ. ಈ ಸಲ ಅಳತೆಯ ಮಾದರಿಯನ್ನು ಬೇರೆ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನಾನೇ ಸೆರಗಿಗೆ ಕಟ್ಟಿಕೊಂಡೆ. ಕಿಟಕಿಯ ಪರದೆ ಎಳೆದು, ಕಣ್ಣು ಕತ್ತಲಿಗೆ ಹೊಂದಲೆಂದು ಮೂವರೂ ಸುಮ್ಮನೆ ಕೂತೆವು. ಹೊರಗೆ ಇಡೀ ರಸ್ತೆ ನಿಶ್ಶಬ್ದವಾಗಿತ್ತು. ಹಳೇ ಮದ್ರಾಸ್ ರಸ್ತೆಯಲ್ಲಿ ಕಾಗೆಗಳಿವೆ ಎಂದು ನನಗೆ ಗೊತ್ತಾದದ್ದು ಅಂದು.

ಈ ಕೆಲಸದ ಒಂದು ಕ್ರೂರ ನಿಯಮವನ್ನು ಇಲ್ಲಿ ಹೇಳಬೇಕು. ನೋಡಲು ಬಳಸುವ ಕಿರಣವೇ ಪ್ರೋಟೀನನ್ನು ಸುಡುತ್ತದೆ. ಕಣ್ಣಿಗೆ ಕಾಣುವಷ್ಟು ಕಿರಣ ಹರಿಸಿದರೆ ಕೆಲವೇ ಕ್ಷಣಗಳಲ್ಲಿ ಸಾಲು ಚದುರಿ ಚುಕ್ಕಿ ಅಳಿಸಿಹೋಗುತ್ತದೆ. ಫಿಲ್ಮಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ನಾವು ತುಂಡನ್ನು ಮಂದ ಕಿರಣದಲ್ಲಿ ಗುರುತಿಸಿ, ನೋಡದೆಯೇ ಕುರುಡಾಗಿ ಫಿಲ್ಮಿಗೆ ಬಿಡುತ್ತಿದ್ದೆವು. ತಾವು ಬಂದದ್ದು ಯಾವುದನ್ನು ನೋಡಲೋ ಅದನ್ನು ಕಣ್ಣಾರೆ ನೋಡದೆ ಎಷ್ಟೋ ವಿದ್ಯಾರ್ಥಿಗಳು ಪದವಿ ಪಡೆದು ಹೋಗಿದ್ದರು.

ಜಾಲರಿಯ ಮೇಲೆ ಚೆನ್ನಾಗಿ ಹರಡಿದ ತುಂಡುಗಳು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಒಂದೊಂದಾಗಿ ಫಿಲ್ಮಿಗೆ ಬಿಟ್ಟೆವು. ಆಗ ಸಾರು ಗುಂಡಿಯ ಮೇಲಿನ ಕೈ ತೆಗೆದು, ಕುರ್ಚಿಯಿಂದ ಎದ್ದರು.

"ಇಮ್ರಾನ್, ಇಲ್ಲಿ ಕೂತ್ಕೋ. ಮುಂದಿನ ತುಂಡು ಫಿಲ್ಮಿಗಲ್ಲ. ಬರೀ ನೋಡೋಕೆ."

ಇಮ್ರಾನ್ ಬೇಡವೆಂದ. ಫಿಲ್ಮೆಲ್ಲ ಹಾಳಾಗಿದ್ದರೆ ಎಂದ. ಅವನ ಹೆದರಿಕೆ ನ್ಯಾಯವಾದದ್ದೇ. ಸಾರು ಅವನ ಭುಜ ಒತ್ತಿ ಕೂರಿಸಿದರು. ಅವನು ಕಿರಣ ಹೆಚ್ಚಿಸಿದ. ಹಸಿರು ಪರದೆಯ ಕತ್ತಲಿನಿಂದ ಚುಕ್ಕಿಗಳು ಎದ್ದುಬಂದವು. ಆರು, ಅವುಗಳಾಚೆ ಮತ್ತೆ ಆರು, ಅವುಗಳಾಚೆ ಇನ್ನೂ. ಹೊರಗಿನವು ಮೊದಲು ಮಂಕಾದವು, ಆಮೇಲೆ ಅವುಗಳ ಒಳಗಿನವು, ಕೊನೆಗೆ ನಡುವಿನ ಬೆಳಕೊಂದೇ ಉಳಿಯಿತು. ಇಮ್ರಾನ್ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಕತ್ತಲಿನಲ್ಲಿ ಯಾರಿಗೂ ಕಾಣದು ಎಂದುಕೊಂಡಿದ್ದ.

ಸೆಲ್ವರಾಜ್ ಸಾರು ತಮಿಳಿನಲ್ಲೂ ಏನೂ ಅನ್ನಲಿಲ್ಲ, ಇಂಗ್ಲಿಷಿನಲ್ಲೂ ಅನ್ನಲಿಲ್ಲ. ಅಂಗಡಿಯ ಮುಂದೆ ನಿಂತ ಮಗುವಿನ ಹಾಗೆ ನನ್ನ ಕಡೆ ತಿರುಗಿದರು.

"ಸುಜಾತಾ, ಇನ್ನೊಂದು ಇದೆಯಾಮ್ಮಾ?"

ಇತ್ತು. ಜಾಲರಿಯ ಮೂಲೆಯಲ್ಲಿ, ಎಲ್ಲಕ್ಕಿಂತ ಚೆನ್ನಾದ ತುಂಡು.

"ಇಲ್ಲ ಸಾರ್, ಮುಗೀತು" ಎಂದೆ.

ಅವರು ಕೈ ತೊಳೆಯಲು ಹೋದಾಗ ಅದನ್ನು ಫಿಲ್ಮಿಗೆ ಬಿಟ್ಟೆ. ಇಮ್ರಾನನ ಪ್ರಬಂಧದಲ್ಲಿ ಅಚ್ಚಾದದ್ದು ಅದೇ ಚಿತ್ರ.